ಹಾಸಿ ಹೊದೆಯುವಷ್ಟು ಕ್ರಿಸ್‌ಮಸ್

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ಕಟ್ಟಿದ ಪುಣ್ಯಾತ್ಮ ಎಲ್ಲಾದರೂ ಸಿಕ್ಕಿದ್ದರೆ ಹೊಲಿಗೆ ಅಕ್ಕ ಅವನ ಕಾಲನ್ನೇ ಹಾಸಿಗೆಯ ಅಳತೆಗೆ ಕತ್ತರಿಸಿಬಿಡುತ್ತಿದ್ದಳು. ಕತ್ತರಿಯಂತೂ ಸದಾ ಕೈಯಲ್ಲೇ ಇರುತ್ತಿತ್ತು. ಬೀದಿಯವರ ಪರದೆ, ಲಂಗ, ಪ್ಯಾಂಟುಗಳನ್ನು ಉದ್ದ ಗಿಡ್ಡ ಮಾಡಿಕೊಡುವುದು ಅವಳ ಕೆಲಸ. ಹಾಗಾಗಿ ಬೀದಿಗೆಲ್ಲ ಅವಳು ಹೊಲಿಗೆ ಅಕ್ಕ. ಗೋದಾಮಿನಲ್ಲಿ ಗುಮಾಸ್ತನಾಗಿದ್ದ ಗಂಡನಿಗೆ ಅವಳು ಮನಸ್ಸಿನಲ್ಲೇ ಇಟ್ಟಿದ್ದ ಹೆಸರು ಗಾದೆರಾಯ. ಏನು ಕೇಳಿದರೂ ಆತ ಒಂದು ಗಾದೆ ತೆಗೆದು ಕೊಡುತ್ತಿದ್ದ. ಗಾದೆಗೇನು ಖರ್ಚು?

ಈ ಸಲ ಅವಳು ಕೇಳಿದ್ದು ಕ್ರಿಸ್‌ಮಸ್ ಅಲಂಕಾರ. ಪ್ರತಿ ವರ್ಷ ಗಂಡನ ಅಕ್ಕನ ಮನೆಯಲ್ಲಿ ನಡೆಯುತ್ತಿದ್ದ ಹಬ್ಬದೂಟ ಮೊದಲ ಬಾರಿಗೆ ಇವರ ಮನೆಗೆ ಬಂದಿತ್ತು (ಅತ್ತಿಗೆಯ ಅಡುಗೆಮನೆಯ ನೆಲ ಕಿತ್ತುಹಾಕಿದ್ದರು, ಅದಕ್ಕೆ, ಪ್ರೀತಿ ಉಕ್ಕಿ ಹರಿದು ಅಲ್ಲ). ಮದುವೆಯಾದಾಗಿನಿಂದ ಆ ಅತ್ತಿಗೆಯ ಬಾಯಿಂದ "ಚೆನ್ನಾಗಿದೆ" ಎಂಬ ಒಂದೇ ಒಂದು ಮಾತನ್ನು ಹೊಲಿಗೆ ಅಕ್ಕ ಕೇಳಿರಲಿಲ್ಲ. "ಪರವಾಗಿಲ್ಲ" ಕೇಳಿದ್ದಳು. "ನಮ್ಮನೇಲಿ ಹೀಗೆ ಮಾಡಲ್ಲ" ಕೇಳಿದ್ದಳು. ಇವಳೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೊಲಿದುಕೊಟ್ಟ ಕೋಟನ್ನು ತೊಟ್ಟು ನಿಂತು, "ಒಳ್ಳೆ ದರ್ಜಿ ಸಿಗ್ಲಿಲ್ವೇನಮ್ಮ?" ಎಂದಿದ್ದನ್ನೂ ಕೇಳಿದ್ದಳು. ಈ ಸಲ ಆ ಒಂದು ಮಾತನ್ನು, ಬಳಗದವರೆಲ್ಲರ ಎದುರಿಗೆ, ಅತ್ತಿಗೆಯ ಬಾಯಿಂದ ಉದುರಿಸಲೇಬೇಕು ಎಂದು ಹಟ ತೊಟ್ಟಳು.

"ರೀ, ಒಂದು ಮರ, ನಾಲ್ಕು ನಕ್ಷತ್ರ ತರೋಣ."

"ಹಾಸಿಗೆ ಇದ್ದಷ್ಟು..."

"ಕಾಲು ಚಾಚು. ಗೊತ್ತು ರೀ. ನಾನು ಕೇಳಿದ್ದು ಕಾಲಿಗಲ್ಲ, ಗೋಡೆಗೆ."

"ಮನೇಲಿರೋದ್ರಲ್ಲೇ ಮಾಡೋಳು ಜಾಣೆ ಕಣೇ. ಬೀರು ತುಂಬಾ ಬಟ್ಟೆ ಇಟ್ಕೊಂಡು ಯಾರಾದ್ರೂ ಅಂಗಡಿಗೆ ಹೋಗ್ತಾರಾ?"

ಆತ ಹೇಳಿದ್ದು ಅವಳ ಬಾಯಿ ಮುಚ್ಚಿಸಲು. ಆದರೆ ಅವಳ ತಲೆಯಲ್ಲಿ ದೀಪ ಹತ್ತಿತು. ಬೀರುವಿನ ಬಾಗಿಲು ತೆರೆದಳು. ಒಳಗೆ, ಎಂದೋ ಬರಬಹುದಾದ ದೊಡ್ಡ ಮನುಷ್ಯರಿಗೆಂದು ಕಾದಿಟ್ಟಿದ್ದ ಚಾದರ, ಹೊದಿಕೆ, ದಿಂಬಿನ ಚೀಲಗಳು ಮಡಿಕೆ ಮುರಿಯದೆ ಕೂತಿದ್ದವು. ಇಷ್ಟು ವರ್ಷವಾದರೂ ಒಬ್ಬ ದೊಡ್ಡ ಮನುಷ್ಯನೂ ಬಂದಿರಲಿಲ್ಲ. ಅವಕ್ಕಾದರೂ ಬೇಸರವಾಗುವುದಿಲ್ಲವೇ?

ಆಮೇಲೆ ನಡೆದದ್ದನ್ನು ವಸ್ತ್ರಯಜ್ಞ ಎನ್ನಬೇಕು. ಬಟ್ಟೆ ಒಣಹಾಕುವ ಸ್ಟ್ಯಾಂಡಿಗೆ ಹಸಿರು ಹೊದಿಕೆಯನ್ನು ನೆರಿಗೆ ನೆರಿಗೆಯಾಗಿ ಸುತ್ತಿದಳು, ಮರವಾಯಿತು. ಬಿಳಿ ಚಾದರದಿಂದ ನಕ್ಷತ್ರಗಳನ್ನು ಕತ್ತರಿಸಿ ಗಂಜಿ ಹಾಕಿ ಇಸ್ತ್ರಿ ಮಾಡಿ ಗೋಡೆಗೆ ಮೆತ್ತಿದಳು. ಉಳಿದ ಚಾದರಗಳು, ಗೋಡೆಗೆ ಮೊಳೆ ಹೊಡೆದು ಕಟ್ಟಿದ, ಉದ್ದುದ್ದ ಹೊಸೆದ ತೋರಣಗಳಾದವು. ಕೆಂಪು ಕಂಬಳಿಯೊಳಗೆ ದಿಂಬುಗಳನ್ನು ತುರುಕಿ ಹೊಟ್ಟೆ ಬಿಟ್ಟ ಕ್ರಿಸ್‌ಮಸ್ ತಾತನನ್ನು ಕುರ್ಚಿಯ ಮೇಲೆ ಕೂರಿಸಿದಳು. ಇನ್ನೆರಡು ದಿಂಬಿನ ಹೊಟ್ಟೆ ಬಗೆದು ಹತ್ತಿ ತೆಗೆದು, ತಾತನ ಗಡ್ಡಕ್ಕಿಷ್ಟು, ಮಂಜಿಗಿಷ್ಟು ಎಂದು ಹರಡಿದಳು. ಹುಮ್ಮಸ್ಸಿನಲ್ಲಿ ತಮ್ಮ ಮಂಚದ ಮೇಲಿನ ಹಾಸನ್ನೂ ಬಿಡಲಿಲ್ಲ. ಕೊನೆಗೆ ನಡುಮನೆಯಲ್ಲಿ ನಿಂತು ನೋಡಿದಾಗ, ಇದನ್ನೆಲ್ಲ ಮಾಡಿದ್ದು ತಾನೇನಾ ಎನ್ನಿಸಿತು. ನಿಜವಾಗಿಯೂ ಚೆನ್ನಾಗಿತ್ತು.

ಅವಳು ಸ್ಟೂಲಿನ ಮೇಲೆ ನಿಂತು ಕಡೆಯ ತೋರಣಕ್ಕೆ ಪಿನ್ನು ಚುಚ್ಚುತ್ತಿದ್ದಾಗಲೇ ಗಾದೆರಾಯ ಫೋನಿನಲ್ಲಿ ಅಕ್ಕನ ಮುಂದೆ ಜಂಬ ಕೊಚ್ಚುತ್ತಿದ್ದ: "ಬಾ ಅಕ್ಕಾ! ನಮ್ಮನೇಲಿ ಏನಕ್ಕೆ ಕೊರತೆ? ಹಾಸಿ ಹೊದೆಯೋವಷ್ಟಿದೆ!"

ಹೊಲಿಗೆ ಅಕ್ಕನ ಬಾಯಲ್ಲಿ ಪಿನ್ನುಗಳಿದ್ದವು. ಇಲ್ಲದಿದ್ದರೆ ಆಗಲೇ ತಡೆಯುತ್ತಿದ್ದಳು.

ಹಬ್ಬದ ದಿನ ಮಧ್ಯಾಹ್ನದ ಊಟಕ್ಕೆ ಬರಬೇಕಾದ ಅತ್ತಿಗೆ ಹಿಂದಿನ ಸಂಜೆಯೇ ಬಂದಿಳಿದಳು. ಜೊತೆಗೆ ಭಾವ, ಬೆಳೆದ ಮೂವರು ಹೆಣ್ಣುಮಕ್ಕಳು, ಮತ್ತು ಮನೆ ಖಾಲಿ ಮಾಡಿ ಬಂದಂತೆ ಸೂಟ್‌ಕೇಸುಗಳು. ನಡುಮನೆಗೆ ಕಾಲಿಟ್ಟ ಅತ್ತಿಗೆ ನಿಂತುಬಿಟ್ಟಳು. ಮರ ನೋಡಿದಳು, ನಕ್ಷತ್ರ ನೋಡಿದಳು. ಹೊಲಿಗೆ ಅಕ್ಕ ಸೆರಗು ಹಿಂಡುತ್ತಾ ಉಸಿರು ಬಿಗಿಹಿಡಿದಳು. ಅತ್ತಿಗೆಯ ತುಟಿ ಬಿಚ್ಚಿತು.

"ಚ..."

ಬಂತು, ಬಂತು!

"ಚಳಿ ಕಣಮ್ಮ ನಿಮ್ಮನೇಲಿ! ಬೇಗ ಹಾಸಿಕೊಡು, ಸ್ವಲ್ಪ ಕಾಲು ಚಾಚ್ತೀವಿ. ಹೊಸ ವರ್ಷದವರೆಗೂ ಇಲ್ಲೇ ಇರ್ತೀವಿ."

"ಇಲ್ಲೇನಾ ಅಕ್ಕಾ?" ಗಾದೆರಾಯನ ದನಿ ಕೀಚಲಾಯಿತು.

"ನೀನೇ ಅಂದ್ಯಲ್ಲೋ, ಹಾಸಿ ಹೊದೆಯೋವಷ್ಟಿದೆ ಅಂತ! ಅದಕ್ಕೇ ನಾವು ಒಂದು ಹೊದಿಕೆನೂ ತರ್ಲಿಲ್ಲ."

ಅದು ಬರೀ ಮಾತು, ಯಥೇಚ್ಛವಾಗಿದೆ ಎನ್ನಲು ಜನ ಹಾಗೆ ಹೇಳುತ್ತಾರೆ ಎಂದು ಅಕ್ಕನಿಗೆ ತಿಳಿಸುವ ಎದೆಗಾರಿಕೆ ಆತನಿಗೆಲ್ಲಿತ್ತು? ಹೆಂಡತಿಯ ಕಡೆ ತಿರುಗಿದ. "ಏನೇ ನೋಡ್ತಾ ನಿಂತೆ? ಹಾಸ್ಕೊಡು."

"ಏನನ್ನ ಹಾಸ್ಲಿ ರೀ? ನಿಮ್ಮ ಗಾದೇನಾ?"

"ಗೋಡೆ ಮೇಲೆ ಅಷ್ಟೊಂದಿದೆಯಲ್ಲೇ! ನಾಳೆ ಬೆಳಿಗ್ಗೆ ಮತ್ತೆ ಕಟ್ಟಿದ್ರಾಯ್ತು."

ಅವಳು ಕಟ್ಟಿದ್ದನ್ನು ಅವಳೇ ಬಿಚ್ಚಿದಳು. ತೋರಣಗಳು ಹಾಸುಗಳಾದವು. ಮರದ ನೆರಿಗೆ ಬಿಚ್ಚಿ ಅತ್ತಿಗೆಗೆ ಹೊದೆಯಲು ಕೊಟ್ಟಳು. ತಾತನ ಹೊಟ್ಟೆಯೊಳಗಿನ ದಿಂಬುಗಳು ಹೆಣ್ಣುಮಕ್ಕಳ ಪಾಲಾದವು, ಕಂಬಳಿಯೂ ಅವರಿಗೇ ಹೋಯಿತು. ಮಂಜನ್ನು ಗುಡಿಸಿ ಮತ್ತೆ ಆ ಎರಡು ದಿಂಬುಗಳಿಗೆ ತುಂಬಿ ಅತ್ತಿಗೆ, ಭಾವನ ತಲೆಗಿಟ್ಟಳು. ಅವಸರದಲ್ಲಿ ಬಾಯಿ ಹೊಲಿಯಲಾಗಲಿಲ್ಲ. ನಕ್ಷತ್ರ ಕತ್ತರಿಸಿದ ಚಾದರ ಭಾವನಿಗೆ ಬಂತು. ಆತ ಅದನ್ನು ಬೆಳಕಿಗೆ ಹಿಡಿದು, "ಗಾಳಿ ಚೆನ್ನಾಗಿ ಆಡುತ್ತೆ" ಎಂದ. (ಆ ಮನೆಯಲ್ಲಿ ಯಾರಾದರೂ ಚೆನ್ನಾಗಿ ಎಂದದ್ದು ಅದೇ ಮೊದಲು, ಅದೂ ತೂತಿಗೆ.) ಮನೆಯವರಿಬ್ಬರಿಗೆ ಉಳಿದದ್ದು ಊಟದ ಮೇಜಿನ ಹಾಸು. ಅದನ್ನೂ ಗಾದೆರಾಯನೇ ತನ್ನ ಕಡೆ ಎಳೆದುಕೊಂಡ.

ಬೆಳಿಗ್ಗೆ ಮೈ ನೋವಿನಲ್ಲೇ ಎದ್ದು, ಕೋಳಿಯನ್ನು ಒಲೆಗಿಟ್ಟು, ಸುತ್ತಿಗೆ ಹಿಡಿದು ಸಿದ್ಧಳಾದಳು. ಆದರೆ ಅಲಂಕಾರ ಇನ್ನೂ ಗೊರಕೆ ಹೊಡೆಯುತ್ತಿತ್ತು.

"ರೀ, ನಿಮ್ಮಕ್ಕನ್ನ ಎಬ್ಬಿಸ್ರೀ. ಮರ ಬೇಕು."

"ಶ್! ಮಲಗಿರೋರನ್ನ ಎಬ್ಬಿಸೋದಾ? ನಂಟರಿಷ್ಟರ ಮುಂದೆ ಮಾನ ಹೋಗುತ್ತೆ."

ಹೋಗಲು ಅವಳ ಮಾನ ಸರದಿಯಲ್ಲಿ ಕಾದು ನಿಂತಿತ್ತು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಗಂಡನ ತಮ್ಮ, ಅವನ ಹೆಂಡತಿ, ಚಿಕ್ಕಪ್ಪ, ಚಿಕ್ಕಮ್ಮ ಎಲ್ಲರೂ ಬಂದು ಸೇರಿದರು. ನಡುಮನೆಯಲ್ಲಿ ಅವರನ್ನು ಸ್ವಾಗತಿಸಿದ್ದು ಬೋಳು ಸ್ಟ್ಯಾಂಡು, ಖಾಲಿ ಕುರ್ಚಿ, ಗೋಡೆಯ ತುಂಬಾ ಮೊಳೆಗಳು. ನಕ್ಷತ್ರಗಳನ್ನು ಭಾವ ರಾತ್ರಿಯೇ ಕಿತ್ತು ಚಾದರದ ತೂತುಗಳಿಗೆ ತುರುಕಿಕೊಂಡಿದ್ದ.

"ಇದೇನಮ್ಮ, ಹಬ್ಬದ ದಿನ ಮನೆ ಹೀಗೆ ಬಿಕೋ ಅಂತಿದೆ?" ಎಂದರು ಚಿಕ್ಕಪ್ಪ.

ಹೊಲಿಗೆ ಅಕ್ಕ ಗಂಡನ ಮುಖ ನೋಡಿದಳು. ಆತ ಚಾವಣಿ ನೋಡಿದ. ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆದು, ಕಣ್ಣುಜ್ಜಿಕೊಳ್ಳುತ್ತಾ ಅತ್ತಿಗೆ ಹೊರಬಂದಳು. ಈಗಲಾದರೂ ಹೇಳುತ್ತಾಳೆ, ನಿನ್ನೆ ತನ್ನ ಕಣ್ಣಾರೆ ನೋಡಿದ್ದಾಳಲ್ಲ ಎಂದು ಹೊಲಿಗೆ ಅಕ್ಕನ ಪೆದ್ದು ಮನಸ್ಸು ಮತ್ತೆ ಆಸೆಪಟ್ಟಿತು.

ಅತ್ತಿಗೆ ಗೋಡೆಯತ್ತ ನೋಡಿ ನಿಟ್ಟುಸಿರು ಬಿಟ್ಟಳು. "ಏನ್ ಮಾಡೋದು ಚಿಕ್ಕಪ್ಪ? ನಮ್ಮ ತಮ್ಮನ ಮನೇಲಿ ಹಾಸಿ ಹೊದೆಯೋವಷ್ಟಿದೆ. ಆದ್ರೆ ಮನೇಲಿರೋದ್ರಲ್ಲೇ ಮಾಡೋ ಅಭಿರುಚಿ ಇರ್ಬೇಕಲ್ಲ?"

ಹೊಲಿಗೆ ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಇವತ್ತು ಕಕ್ಕಿಬಿಡಬೇಕು ಎಂದು ಬಾಯಿ ತೆರೆದಳು. ಆದರೆ ಅವಳಿಗಿಂತ ಮೊದಲು ಅವಳ ಓರಗಿತ್ತಿ ಕೂಗಿದಳು. ಬಾಯಿ ಹೊಲಿಯದ ದಿಂಬಿನಿಂದ ರಾತ್ರಿಯಿಡೀ ಉದುರಿದ ಹತ್ತಿ ಅತ್ತಿಗೆಯ ತಲೆಯ ತುಂಬಾ ಬೆಳ್ಳಗೆ ಅಂಟಿಕೊಂಡಿತ್ತು.

"ಅಯ್ಯೋ ಅತ್ತಿಗೆ, ತಲೆಗೆ ಮಂಜು ಮುಡ್ಕೊಂಡಿದ್ದೀರಾ! ಎಷ್ಟು ಚೆನ್ನಾಗಿದೆ!"

"ಹೌದೌದು, ತುಂಬಾ ಚೆನ್ನಾಗಿದೆ!" ಎಂದರು ಎಲ್ಲರೂ. ಎಲ್ಲರಿಗಿಂತ ಜೋರಾಗಿ ಎಂದವನು ಗಾದೆರಾಯ.

ಅತ್ತಿಗೆ ತಲೆ ಮುಟ್ಟಿ ನೋಡಿಕೊಂಡಳು. ಒಂದು ಗಳಿಗೆ ತಬ್ಬಿಬ್ಬಾದಳು, ಆಮೇಲೆ ನಾಚಿಕೊಂಡು ನಕ್ಕಳು.

"ಏನೋಪ್ಪ, ಮನೇಲಿದ್ದಿದ್ರಲ್ಲೇ ಮಾಡ್ಕೊಂಡೆ," ಎಂದಳು.