ಓಡುವ ಕುದುರೆಗೆ ಕಾಲು ತಿದ್ದಿದ್ದು

ಬಾಗಿಲು ಮುಂದಕ್ಕೆ ಎಳೆದು ಹತ್ರ ಕೂತ್ಕೋ. ಮೆಲ್ಲಗೆ ಹೇಳ್ತೀನಿ. ನಾನು ಹೇಳಿದೆ ಅಂತ ಯಾರ ಮುಂದೇನೂ ಬಾಯಿ ಬಿಡಬೇಡ, ನಿನ್ನ ಗಂಡನ ಮುಂದೇನೂ. ಗಂಡಸರ ಹೊಟ್ಟೆಯಲ್ಲಿ ಮಾತು ನಿಲ್ಲೋದಿಲ್ಲ. ಮೊಳಕಾಲ್ಮೂರಿನ ಈ ಬೀದಿಯಲ್ಲಿ ಇಂಥವು ನಡೀತಾನೇ ಇರ್ತಾವೆ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ನಮ್ಮ ಮನೆಯವರಿಗೆ ಏನೂ ಕಾಣೋದಿಲ್ಲ, ಜಗಲಿ ಮೇಲೆ ರೇಷ್ಮೆ ನೂಲು ಸುತ್ತೋ ನನಗೆ ಎಲ್ಲಾ ಕಾಣುತ್ತೆ. ಆದರೆ ಎದುರುಮನೆ ಗೌಡರ ಕುದುರೆ ಪಟದ ವಿಷಯ ಮಾತ್ರ ಕಣ್ಣಾರೆ ಕಂಡರೂ ಯಾವುದು ನಿಜ, ಯಾವುದು ಸುಳ್ಳು ಅಂತ ಇವತ್ತಿಗೂ ನನಗೆ ಗೊತ್ತಾಗಿಲ್ಲ.

೧. ಕುದುರೆ ಎಲ್ಲಿ?

ಗೌಡರ ಮಗನಿಗೆ ಚಳ್ಳಕೆರೆಯಲ್ಲಿ ಒಂದು ಹೆಣ್ಣು ನೋಡಿದ್ದರು. ಕುದುರೆ ಸಾಕಿ ಹೆಸರು ಮಾಡಿದ ಮನೆತನ. ಹೆಣ್ಣಿನ ತಾತ ಹೇಳಿಕಳಿಸಿದರು: "ಕುರ್ಚಿ ಮೇಲೆ ಕೂತ ಪಟ ನಮಗೆ ಬ್ಯಾಡ. ಕುರ್ಚಿ ಮೇಲೆ ಯಾರು ಬೇಕಾದ್ರೂ ಕೂರ್ತಾರೆ. ಹುಡುಗ ಓಡೋ ಕುದುರೆ ಮೇಲೆ ಕೂತಿರೋ ಪಟ ಕಳಿಸ್ರಿ. ಆಮೇಲೆ ಮುಂದಿನ ಮಾತು."

ಗೌಡ್ತಿ ತಲೆ ಮೇಲೆ ಕೈ ಹೊತ್ತು ಕೂತಳು. ಅವಳ ಮಗನಿಗೆ ಕುದುರೆ ಸೀನಿದರೂ ಹೆದರಿಕೆ. ಮೊದಲೇ ಒಂದೆರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಇದೂ ಹೋದರೆ ಮಗನಿಗೆ ಮದುವೆಯೇ ಇಲ್ಲ ಅಂತ ಬಾವಿಕಟ್ಟೆ ಹತ್ರ ನನ್ನ ಕೈ ಹಿಡಕೊಂಡು ಅತ್ತಳು. ಅದನ್ನೂ ಯಾರಿಗೂ ಹೇಳಬೇಡ.

ಬಳ್ಳಾರಿಯಿಂದ ಪಟ ತೆಗೆಯೋ ಸಾಬರು ಬಂದರು. ರಾಂಪುರದ ದಾರಿಯ ಧೂಳೆಲ್ಲ ಗಡ್ಡದ ಮೇಲೇ ಇತ್ತು. ಒಣಗಿದ ಕೆರೆ ಅಂಗಳದಲ್ಲಿ ಮೂರು ಕಾಲಿನ ಡಬ್ಬಿ ನಿಲ್ಲಿಸಿದರು. ಗೌಡರ ಕುದುರೆಯ ಮೇವು ನೀರು ನೋಡೋ ಕಾಸ್ತಾರ ಲಗಾಮು ಹಿಡಿದು ಪಕ್ಕದಲ್ಲೇ ಓಡಬೇಕು, ಹುಡುಗ ಜೀವ ಬಿಗಿಹಿಡಿದು ಮೇಲೆ ಕೂರಬೇಕು, ಅಂತ ಏರ್ಪಾಡು. ಸಾಬರು ಕರೀ ಬಟ್ಟೆಯೊಳಗೆ ತಲೆ ತೂರಿಸಿ "ಓಡ್ಸಿ!" ಅಂದರು. ಓಡಿಸಿದರು.

ಪಟ ತೊಳೆದು ತಂದರೆ ಅದರಲ್ಲಿ ಕೆರೆ ಏರಿ ಐತೆ, ಮೂಲೆಯಲ್ಲಿ ಒಂದು ಬಾಲ ಐತೆ.

"ಕುದುರೆ ಎಲ್ಲಯ್ಯಾ?" ಅಂದರು ಗೌಡರು.

"ಹೋಯ್ತಲ್ಲಾ ಗೌಡ್ರೆ," ಅಂದರು ಸಾಬರು. "ಓಡೋ ಕುದುರೆ ಬೇಕು ಅಂದೋರು ನೀವೇ."

೨. ಮೀಸೆ

ಎರಡನೇ ಸಲ ಕುದುರೆ ಸಿಕ್ಕಿತು. ಆದರೆ ಹೊಗೆ ಎದ್ದ ಹಾಗೆ ಕಾಲಿನ ಮೇಲೆ ಕಾಲು, ತಲೆಯ ಹಿಂದೆ ತಲೆ. ಹುಡುಗನ ಪೇಟ ಕಾಣುತ್ತೆ, ಕೆಳಗೆ ಮುಖ ಇಲ್ಲ. ಗೌಡರ ಮುದಿ ತಾಯಿ ಕೈಯಲ್ಲಿ ಹಿಡಿದು ನೋಡಿ, ಕಣ್ಣಿಗೆ ಒತ್ತಿಕೊಂಡು, "ಯಾವ ದೇವ್ರಪ್ಪಾ ಇದು?" ಅಂತ ಕೇಳಿದಳು.

"ನಿಮ್ಮ ಮೊಮ್ಮಗ ಕಣತ್ತೆ," ಅಂದಳು ಗೌಡ್ತಿ ಅಳುತ್ತಾ.

ಸಾಬರು, "ಅರೆ, ಅಳೋದ್ಯಾಕಮ್ಮಾ? ಮುಖ ನಾನು ಬರೀತೀನಿ," ಅಂತ ಸಣ್ಣ ಕುಂಚ ತೆಗೆದರು. ಸಂಜೆ ಹೊತ್ತಿಗೆ ಮುಖ ಬಂತು. ಮುಖದ ಜೊತೆ ಕೈಯಷ್ಟು ದಪ್ಪ ಮೀಸೆಯೂ ಬಂತು.

"ನನ್ನ ಮಗನಿಗೆ ಮೀಸೆ ಎಲ್ಲೈತೆ?"

"ಕುದುರೆ ಮೇಲೆ ಕೂತೋರಿಗೆ ಇರ್ಬೇಕಮ್ಮಾ. ಇಲ್ದಿದ್ರೆ ಪಟ ಬೋಳು ಬೋಳು ಕಾಣ್ತೈತೆ."

ಗೌಡರು ಪಟ ನೋಡಿದರು, ಮಗನ್ನ ನೋಡಿದರು, ಪಟವೇ ವಾಸಿ ಅನ್ನಿಸಿತು ಅಂತ ಕಾಣುತ್ತೆ. "ಇನ್ನೊಂದು ಪಟ ತೆಗಿ. ಕಾಲು ಸರಿ ಬರ್ಲಿ. ಮೀಸೆ ಇದೇ ಇರ್ಲಿ," ಅಂದರು. ಮಾರನೇ ದಿನದಿಂದ ಗೌಡ್ತಿ ಮಗನ್ನ ಜಗಲಿ ಮೇಲೆ ಕೂರಿಸಿಕೊಂಡು ಮೂಗಿನ ಕೆಳಗೆ ಹರಳೆಣ್ಣೆ ತಿಕ್ಕೋಕೆ ಶುರುಮಾಡಿದಳು. ಹುಡುಗನಿಗೆ ತಕ್ಕ ಪಟ ಮಾಡಿಸೋದು ಕೇಳಿದ್ದೆ. ಪಟಕ್ಕೆ ತಕ್ಕಂತೆ ಹುಡುಗನ್ನ ಮಾಡೋದು ನಾನು ನೋಡಿದ್ದು ಅಲ್ಲೇ.

೩. ನೆಲ ಬಿಟ್ಟ ಕುದುರೆ

ಮೂರನೇ ಸಲ ನಡುಮಧ್ಯಾಹ್ನದ ಬಿಸಿಲಲ್ಲಿ ತೆಗೆದರು. ಗಾಜಿನಲ್ಲಿ ಕೊರೆದ ಹಾಗೆ ಬಂತು. ಆದರೆ ಕುದುರೆಯ ನಾಲ್ಕೂ ಕಾಲು ನೆಲದ ಮೇಲಿಲ್ಲ!

ಬೀದಿಗೆ ಬೀದಿಯೇ ಸೇರಿತು. ಒಬ್ಬ, "ಇದು ಮಾಟ," ಅಂದ. ಇನ್ನೊಬ್ಬ, "ಹಗ್ಗ ಕಟ್ಟಿ ನೇತು ಹಾಕವ್ರೆ," ಅಂದ. ಸಾಬರು ಗಡ್ಡ ಮುಟ್ಟಿ ಆಣೆ ಮಾಡಿದರು: "ಓಡುವಾಗ ಒಂದು ಗಳಿಗೆ ಹಂಗೇ ಇರ್ತೈತೆ ಗೌಡ್ರೆ! ನಮ್ಮ ಕಣ್ಣಿಗೆ ಸಿಗಲ್ಲ, ಡಬ್ಬಿಗೆ ಸಿಗ್ತೈತೆ. ತಿದ್ದಬ್ಯಾಡ್ರಿ, ನಿಜ ಇದೇ."

"ನಿಜ ಆದ್ರೆ ಏನ್ ಬಂತು? ಚಳ್ಳಕೆರೆಯೋರು ನಂಬಬೇಕಲ್ಲ! ಒಂದು ಕಾಲಾದ್ರೂ ಇಳಿಸು," ಅಂದರು ಗೌಡರು.

ನಾವೆಲ್ಲ ಕೆರೆ ಅಂಗಳಕ್ಕೆ ಹೋಗಿ ಕುದುರೆ ಓಡಿಸಿ, ಬಗ್ಗಿ ಬಗ್ಗಿ ನೋಡಿದೆವು. ನನಗೆ ಒಂದು ಸಲ ಎಲ್ಲಾ ಕಾಲೂ ಕೆಳಗೇ ಕಂಡವು, ಒಂದು ಸಲ ಕಾಲೇ ಕಾಣಲಿಲ್ಲ. ಕಡೆಗೆ ಸಾಬರು ಕುಂಚ ತೆಗೆದು, ಇದಕ್ಕೂ ಅದೇ ಮೀಸೆ ಬರೆದು, ಒಂದು ಕಾಲನ್ನ ನೆಲ ಮುಟ್ಟಿಸಿದರು. ಎಲ್ಲರೂ, "ಹಾಂ, ಈಗ ನಿಜ ಕಾಣ್ತೈತೆ!" ಅಂದರು.

ಆಮೇಲೆ ಗೌಡ್ತಿ ಅಂದಳು, "ಲಗಾಮು ಹಿಡಿದ ಕಾಸ್ತಾರನ್ನೂ ತೆಗೀರಿ. ಅವನಿದ್ರೆ ನನ್ನ ಮಗ ಕುದುರೆ ಓಡಿಸ್ದಂಗೆ ಕಾಣಲ್ಲ." ಸಾಬರು ಕೆರೆದು, ಬಣ್ಣ ತುಂಬಿ ಅವನನ್ನೂ ತೆಗೆದರು. ಕಾಸ್ತಾರ ಪಟವನ್ನ ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಓಡಿ ಓಡಿ ಸತ್ತೋನು ನಾನು. ಓಡದೇ ಇರೋ ಕಾಲು ಬರೀತಾರೆ, ಓಡಿದೋನ್ನ ಅಳಿಸ್ತಾರೆ!" ಅಂತ ಬೈಕೊಂಡು ಹೋದ.

೪. ಸುಳಿ

ಪಟ ಚಳ್ಳಕೆರೆಗೆ ಹೋಯಿತು. ಅದೇ ಹೊತ್ತಿಗೆ ಆ ಮನೆಯವರು ಸೀರೆ ನೋಡಬೇಕು ಅಂದಿದ್ದರಿಂದ ಗಂಟು ಕಟ್ಟಿಕೊಂಡು ನಾನೂ ಹೋಗಿದ್ದೆ. ಬೇರೆ ಯಾವ ಉದ್ದೇಶವೂ ಇರಲಿಲ್ಲ.

ಹೆಣ್ಣಿನ ತಾತ ಪಟವನ್ನ ಬೆಳಕಿಗೆ ಹಿಡಿದರು. ಮೀಸೆ ನೋಡಲಿಲ್ಲ, ಹುಡುಗನ್ನೂ ನೋಡಲಿಲ್ಲ. ಕುದುರೆಯ ಹೆಗಲ ಮೇಲೆ ಬೆರಳಿಟ್ಟು, "ಸುಳಿ!" ಅಂದರು. ಕುದುರೆ ಕೊಳ್ಳೋರು ಮೊದಲು ನೋಡೋದು ಅದನ್ನೇ ಅಲ್ವಾ, ಮೈಮೇಲೆ ಕೂದಲು ಎಲ್ಲಿ ಸುತ್ತಿಕೊಂಡು ಬೆಳೆದಿದೆ ಅಂತ. "ಹೆಗಲ ಮೇಲೆ ಸುಳಿ ಇರೋ ಕುದುರೆ ಯಜಮಾನನ್ನ ತಿನ್ನುತ್ತೆ. ಇಂಥ ಮನೆಗೆ ನಮ್ಮ ಹುಡುಗಿ ಕೊಡಲ್ಲ. ಸೀರೆ ಗಂಟು ಕಟ್ಟಮ್ಮಾ."

ಗೌಡ್ತಿ ಬಾವಿಕಟ್ಟೆ ಹತ್ರ ಅತ್ತದ್ದು ಕಣ್ಣ ಮುಂದೆ ಬಂತು. ಸಂಬಂಧ ಉಳಿಸಬೇಕಲ್ಲ! "ಅಯ್ಯೋ ಯಜಮಾನ್ರೇ, ಅದು ಸುಳಿ ಅಲ್ಲ," ಅಂದೆ. "ಅದು ಕಾಸ್ತಾರನ ರುಮಾಲು. ಪಟದೋನು ಸರಿಯಾಗಿ ಕೆರೆದಿಲ್ಲ."

"ಕಾಸ್ತಾರ ಅಲ್ಲಿ ಯಾಕಿದ್ದ?"

"ಅವನು ಹಿಡೀದೇ ಇದ್ರೆ ಹುಡುಗ ಬೀಳ್ತಾನಲ್ಲ, ಅದಕ್ಕೆ. ಕುದುರೆ ಮಾತ್ರ ಬಂಗಾರ, ನಾನೇ ಮೈದಡವಿ ನೋಡಿದೀನಿ. ಆ ಮೀಸೆ ಬರೆದದ್ದು, ಆ ಕಾಲೂ ಬರೆದದ್ದು. ಕುದುರೆಗೆ ಒಂದು ಕುಂದಿಲ್ಲ."

ತಾತ ಮೀಸೆಯೊಳಗೇ ನಕ್ಕರು. ನಾನು ಗೆದ್ದೆ ಅಂತ ಖುಷಿಯಾಗಿ ಊರಿಗೆ ಬಂದೆ. ಹಿಂದೆಯೇ ಚಳ್ಳಕೆರೆಯಿಂದ ಆಳು ಬಂದ. ಹುಡುಗ ಬೇಡವಂತೆ. ಕುದುರೆ ಕೊಡೋದಾದರೆ ಹಿಡಕೊಂಡು ಹೋಗ್ತಾರಂತೆ. ನಾನು ಅಲ್ಲಿ ಆಡಿದ ಮಾತನ್ನೂ ಆಳು ಒಂದೂ ಬಿಡದೆ ಗೌಡ್ತಿಗೆ ಒಪ್ಪಿಸಿದ.

ನಾನು ಮಾಡಿದ್ದು ಉಪಕಾರವೋ ಅಪಕಾರವೋ ನೀನೇ ಹೇಳು. ನನಗಂತೂ ತಿಳಿಯಲಿಲ್ಲ. ಗೌಡ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿ ದಾಟಿ ಬಂದಳು. ಜಗಲಿಯ ಮುಂದೆ ನಿಂತು, ಬೀದಿಗೆಲ್ಲ ಕೇಳೋ ಹಾಗೆ, ನನ್ನ ಮುಖಕ್ಕೇ ಅಂದಳು:

"ಅಜ್ಜೀ, ಆ ಸಾಬರು ಕಾಸ್ತಾರನ್ನ ಬಿಟ್ಟು ನಿನ್ನನ್ನ ಅಳಿಸಿದ್ರೆ, ಈ ಹೊತ್ತಿಗೆ ನನ್ನ ಮಗನ ಮದುವೆ ಆಗಿರ್ತಿತ್ತು!"