ಪ್ರೊಸೆಸರ್ ಮಹಾಶಯರಿಗೆ, ಬೆವರಿನಲ್ಲಿ ತೊಯ್ದ ಅಳಿಯನ ಬಿನ್ನಹ

ನಮ್ಮ ಮನೆಯ ಕಂಪ್ಯೂಟರಿನೊಳಗೆ, ಗಾಜಿನ ಬಾಗಿಲಿನ ಹಿಂದೆ, ಬಣ್ಣಬಣ್ಣದ ದೀಪಗಳ ನಡುವೆ ವಿರಾಜಮಾನರಾಗಿರುವ ಪ್ರೊಸೆಸರ್ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಾವು ತಂಪಾಗಿದ್ದೀರೆಂದು ನಂಬಿದ್ದೇನೆ. ನಾನು ಹೇಗಿದ್ದೇನೆಂದು ಈ ಬೇಸಿಗೆಯಲ್ಲಿ ಯಾರೂ ಕೇಳಿಲ್ಲವಾದ್ದರಿಂದ ಆ ಮಾತು ಬಿಡೋಣ. ನಾನು ಡ್ರೈವಿಂಗ್ ಶಾಲೆಯ ಮೇಷ್ಟ್ರು. ಹಗಲೆಲ್ಲ ಕಾದ ಕಾರಿನಲ್ಲಿ, ಕ್ಲಚ್ಚಿಗೂ ಬ್ರೇಕಿಗೂ ವ್ಯತ್ಯಾಸ ಕಾಣದವರ ಪಕ್ಕದಲ್ಲಿ ಜೀವವನ್ನು ಅಂಗೈಯಲ್ಲಿ ಹಿಡಿದು ಕೂರುವುದು ನನ್ನ ಕಸುಬು. ಅತ್ತೆಯವರ ಮನೆಯ ಮಹಡಿ ಕೋಣೆಯಲ್ಲಿ ವಾಸ. ಈ ಮನೆಗೆ ನಾನೊಬ್ಬನೇ ಅಳಿಯನೆಂದು ತಾವು ಬರುವವರೆಗೂ ತಿಳಿದಿದ್ದೆ.

ನನ್ನ ಹೆಂಡತಿ ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಸಂಜೆಯಾದರೆ ನಾವಿಬ್ಬರೂ ತಮ್ಮೆದುರು ಕೂತು ಕಾರು ಓಟದ ಆಟವಾಡುತ್ತಿದ್ದೆವು. ಅವಳು ಓಡಿಸುವುದು, ನಾನು ಕಾಗದದಲ್ಲಿ ಅಚ್ಚು ಹಾಕಿಸಿದ ನಕ್ಷೆ ನೋಡಿ ತಿರುವು ಹೇಳುವುದು. ಮದುವೆಯಾದವರು ಒಬ್ಬರ ಮಾತನ್ನು ಇನ್ನೊಬ್ಬರು ಇಷ್ಟು ವಿಧೇಯವಾಗಿ ಕೇಳುವ ಹೊತ್ತು ಬೇರೊಂದಿಲ್ಲ. ಬೇಸಿಗೆಯ ಕಾವು ಏರಿತು, ತಮ್ಮ ಕಾವೂ ಏರಿತು, ಬೆಟ್ಟದ ಕಡಿದಾದ ತಿರುವಿನಲ್ಲಿ ಪರದೆ ಕಪ್ಪಾಗತೊಡಗಿತು. ಸೆಖೆ ತಡೆಯಲಾಗದಿದ್ದಾಗ ಯಾರಿಗೂ ಹೇಳದೆ ಕಣ್ಣು ಮುಚ್ಚಿಬಿಡುವ ತಮ್ಮ ಸ್ವಾಭಿಮಾನವನ್ನು ಮೆಚ್ಚಲೇಬೇಕು. ಕಲಿಯುವವರ ಪಕ್ಕದಲ್ಲಿ ಕೂತು ನಾನು ಹಾಗೆ ಮಾಡಿದ್ದರೆ ಊರಿನ ಎಷ್ಟು ಕಾಂಪೌಂಡು ಗೋಡೆಗಳು ಉಳಿಯುತ್ತಿದ್ದವೋ!

ತಮಗೊಂದು ಕೂಲರ್ ಆರಿಸಲು ಗಂಡ ಹೆಂಡತಿ ಅಂಗಡಿಗೆ ಹೋದೆವು. ಹುಡುಗಿಗೆ ಗಂಡು ಹುಡುಕುವಾಗಲೂ ಅಷ್ಟು ವಿಚಾರಣೆ ನಡೆಯುವುದಿಲ್ಲ. "ಗಾಳೀದು ಬೇಕಾ ಸಾರ್, ನೀರಿಂದಾ?" ಎಂದ ಅಂಗಡಿಯವನು. ಗಾಳಿಯದು ಸಾಕೆಂದು ಎರಡು ಫ್ಯಾನಿನ, ತಗಡಿನ ಗೋಪುರದಂಥ ಕೂಲರನ್ನು ತಂದು ತಮ್ಮ ನೆತ್ತಿಯ ಮೇಲೆ ಕೂರಿಸಿದರೆ ಕಂಪ್ಯೂಟರ್ ಪೆಟ್ಟಿಗೆಯ ಗಾಜಿನ ಬಾಗಿಲು ಮುಚ್ಚಲಿಲ್ಲ. ಅದನ್ನು ಹಿಂದಿರುಗಿಸಿ ನೀರಿನದು ತಂದೆವು. ತಮ್ಮ ನೆತ್ತಿಗೆ ಲೇಪನ ಹಚ್ಚಿ, ಕೊಳವೆಗಳಲ್ಲಿ ತಣ್ಣೀರು ಹರಿಸಿ, ಮೂರು ಫ್ಯಾನುಗಳಿಂದ ಚಾಮರ ಬೀಸಿದೆವು. ಸಾಲದೆಂದು ನನ್ನ ಟೇಬಲ್ ಫ್ಯಾನನ್ನೂ ತಮ್ಮ ಕಡೆಗೆ ತಿರುಗಿಸಲಾಯಿತು. ಆದರೂ ತಾವು ಅದೇ ತಿರುವಿನಲ್ಲಿ ಮೂರ್ಛೆ ಹೋದಿರಿ. ಮತ್ತೆ ಹೋಗಿ ಕೇಳಿದಾಗ ಅಂಗಡಿಯವನು ನಗುತ್ತ, "ಯಾವ ಕೂಲರ್ ಆದ್ರೂ ರೂಮಿನ ಗಾಳೀನೇ ತಾನೇ ಸಾರ್ ತಗೊಳೋದು? ರೂಮೇ ಒಲೆ ಥರ ಇದ್ರೆ ಅದೇನ್ಮಾಡುತ್ತೆ ಪಾಪ?" ಎಂದ. ಈ ಜ್ಞಾನ ಎರಡು ಕೂಲರ್ ಮಾರಿದ ಮೇಲಷ್ಟೇ ಉದಯಿಸುವಂಥದ್ದಿರಬೇಕು.

ಮನೆಯಲ್ಲಿ ಏಸಿ ಇರುವುದು ಅತ್ತೆಯವರ ಕೋಣೆಯಲ್ಲಿ ಮಾತ್ರ. ಅವರು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ನಿವೃತ್ತರಾದವರು. ಮಗಳು ನರ್ಸಿಂಗ್ ಓದನ್ನು ಅರ್ಧಕ್ಕೆ ಬಿಟ್ಟಾಗ, "ಇವಳು ಮನುಷ್ಯರನ್ನ ಬಿಟ್ಟು ಹಲ್ಲು ಹಿಡಿದಳು" ಎಂದವರು, ಆಮೇಲೆ ಅವಳೊಂದಿಗೆ ನೇರವಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಹೆಂಡತಿ ಒಲೆಯ ಮುಂದೆಯೇ ನಿಂತಿದ್ದರೂ, "ಅಳಿಯಂದಿರೇ, ಹಾಲು ಉಕ್ತಾ ಇದೆ ಅಂತ ನಿಮ್ಮ ಹೆಂಡತಿಗೆ ಹೇಳಿ" ಎನ್ನುವರು. ನಾನು ಹೇಳುವಷ್ಟರಲ್ಲಿ ಹಾಲು ಉಕ್ಕಿರುತ್ತಿತ್ತು.

ಇಂಥ ಅತ್ತೆಯವರ ಬಳಿ, ಸೆಖೆಗೆ ನನಗೆ ನಿದ್ದೆ ಬರುತ್ತಿಲ್ಲವೆಂದು ಹಿಂದೊಮ್ಮೆ ತೋಡಿಕೊಂಡಿದ್ದಕ್ಕೆ, "ತಣ್ಣೀರಲ್ಲಿ ಕಾಲು ತೊಳೀರಿ" ಎಂಬ ಉತ್ತರ ಬಂದಿತ್ತು. ತಮ್ಮ ಅವಸ್ಥೆ ಕೇಳಿದ್ದೇ ತಡ, "ಅಯ್ಯೋ, ಪಾಪ, ಬಾಯಿಲ್ಲದ್ದು. ಇಲ್ಲಿ ತಂದಿಡಿ, ಮಳೆ ಬರೋವರೆಗೂ ಇರಲಿ" ಎಂದರು. ತಮ್ಮನ್ನು ಮಹಡಿಯಿಂದ ಹೊತ್ತು ಇಳಿಸಿದವನು ನಾನು. ದಾರಿಯಲ್ಲಿ ಅತ್ತೆಯವರು "ಹುಷಾರು, ಹುಷಾರು" ಎಂದದ್ದು ನನ್ನ ಸೊಂಟಕ್ಕಲ್ಲ.

ಮೊದಮೊದಲು ನಾವು ಆಡುವಾಗ ಅವರು ಗೋಡೆಯತ್ತ ಮುಖ ಮಾಡಿ ಮಲಗಿರುತ್ತಿದ್ದರು. ಒಂದು ಸಂಜೆ ನನ್ನ ಶಿಷ್ಯರೊಬ್ಬರು ಕಾರನ್ನು ಚರಂಡಿಗೆ ಇಳಿಸಿದ್ದರಿಂದ ನಾನು ತಡವಾಗಿ ಬಂದೆ. ಬಂದು ನೋಡಿದರೆ, ನನ್ನ ಕುರ್ಚಿಯಲ್ಲಿ ಅತ್ತೆಯವರು, ಮೂಗಿನ ತುದಿಯಲ್ಲಿ ಕನ್ನಡಕ, ತೊಡೆಯ ಮೇಲೆ ನಕ್ಷೆ.

"ಎಡಕ್ಕೆ ತಿರುಗಿಸೇ, ಮುಂದೆ ಕಣಿವೆ ಇದೆ!"

"ಕಾಣ್ತಾ ಇದೆ ಕಣಮ್ಮ, ಸ್ವಲ್ಪ ಸುಮ್ನಿರು!"

ನಾನು ಬಾಗಿಲಲ್ಲೇ ಚಪ್ಪಲಿ ಕೈಯಲ್ಲಿ ಹಿಡಿದು ನಿಂತೆ. ಕಾರು ತಿರುವು ದಾಟಿತು. ಅತ್ತೆಯವರು ಪರದೆಯಿಂದ ಕಣ್ಣು ತೆಗೆಯದೆ, "ಹಲ್ಲು ಕಟ್ಟೋ ಕೈ ಅಲ್ವಾ, ಅದಕ್ಕೇ ಇಷ್ಟು ನಾಜೂಕು" ಎಂದರು. ಮುಂದಿನ ತಿರುವು ತೀರ ಸುಲಭದ್ದು. ಅಲ್ಲಿ ಹೆಂಡತಿ ನೇರವಾಗಿ ಕಣಿವೆಗೆ ಬಿದ್ದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಕಣ್ಣೊರೆಸಿಕೊಂಡವಳು ಮಾತ್ರ ಒಬ್ಬಳೇ.

ಅಂದಿನಿಂದ ಆ ಕುರ್ಚಿ ನನ್ನದಲ್ಲ. ನನಗೆ ಚಾಪೆಯುಂಟು, ಜೊತೆಗೆ ಬಾಗಿಲು ಬೇಗ ಮುಚ್ಚಬೇಕೆಂಬ ಆಜ್ಞೆಯುಂಟು, ತಂಪು ಹೊರಗೆ ಹೋಗಬಾರದಲ್ಲ.

ಇನ್ನು ಬಿನ್ನಹದ ವಿಷಯ. ನಿನ್ನೆಯಿಂದ ಮೋಡ ಕಟ್ಟಿದೆ. ಅತ್ತೆಯವರು ಕಿಟಕಿ ತೆರೆದು ಆಕಾಶ ನೋಡಿ, ತಮ್ಮನ್ನು ನೋಡಿ, ಕಿಟಕಿ ಮುಚ್ಚಿದರು. ಆದ್ದರಿಂದ ಕೈಮುಗಿದು ಕೇಳಿಕೊಳ್ಳುತ್ತೇನೆ: ಎಂಥ ಮಳೆ ಸುರಿದರೂ, ಎಂಥ ಚಳಿ ಬಂದರೂ, ತಾವು ಇದೇ ರೀತಿ ಕಾದು ಕೆಂಡವಾಗಿರಬೇಕು. ಮಹಡಿಗೆ ಒಯ್ದ ಕೂಡಲೇ ಪ್ರಜ್ಞೆ ತಪ್ಪಬೇಕು. ಮಿಕ್ಕಿದ್ದನ್ನು ನಾನು ಚಾಪೆಯ ಮೇಲೆ ಕೂತು ನಿಭಾಯಿಸುತ್ತೇನೆ.

ತಮ್ಮ ವಿಶ್ವಾಸಿ,
ವಯಸ್ಸಿನಲ್ಲಿ ಹಿರಿಯನೂ ಮರ್ಯಾದೆಯಲ್ಲಿ ಕಿರಿಯನೂ ಆದ,
ಈ ಮನೆಯ ಇನ್ನೊಬ್ಬ ಅಳಿಯ

ವಿ.ಸೂ.: ಅತ್ತೆಯವರು ಮೊನ್ನೆ ಅಂಗಡಿಗೆ ಫೋನು ಮಾಡಿ, ತಮಗಿಂತ ವೇಗವಾದ ಹೊಸ ಪ್ರೊಸೆಸರ್ ಬಂದಿದೆಯೇ ಎಂದು ವಿಚಾರಿಸುತ್ತಿದ್ದರು. ನನ್ನ ಚಾಪೆಯ ಪಕ್ಕದಲ್ಲೇ ತಮಗೂ ಇನ್ನೊಂದು ಚಾಪೆ ಹಾಸಿಟ್ಟಿದ್ದೇನೆ, ಸಂಕೋಚ ಬೇಡ.