ಎಮ್ಮೆ ಕೇಳಿಕೊಂಡು ಬಂದವರು

ವಿದೇಶ ಸುತ್ತಿ ಬಂದವನನ್ನು ಕಂಡರೆ ಜನ ಯಾಕೆ ಪಕ್ಕದ ಗಲ್ಲಿಗೆ ನುಗ್ಗುತ್ತಾರೆ ಎಂಬುದು, ನಾನೇ ಹೋಗಿ ಬರುವ ತನಕ ನನಗೆ ಗೊತ್ತಿರಲಿಲ್ಲ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ಪ್ರಪಂಚದ ಭೂಗೋಳ ಪಾಠ ಹೇಳಿಯೂ ಹಾಸನದಾಚೆಗೆ ಹೆಚ್ಚೇನೂ ನೋಡದವನು ನಾನು. ಲಂಡನ್ನಿನಲ್ಲಿ ಡಾಕ್ಟರನ ಹೆಂಡತಿಯಾಗಿರುವ ತಂಗಿ ಕಮಲ ಬಸುರಿಯಾಗಿ ಮಹದುಪಕಾರ ಮಾಡಿದಳು. ಬಾಣಂತನಕ್ಕೆ ಅವ್ವ ಬೇಕು, ಅವ್ವನ ಜೊತೆಗೊಬ್ಬರು ಬೇಕು. ಹಡಗು ಹತ್ತಿ ಹೋದೆವು, ಮೂರು ವಾರ ಇದ್ದೆವು, ಹಡಗು ಹತ್ತಿ ಬಂದೆವು. ಆ ಮೂರು ವಾರದಲ್ಲಿ ನನಗೆ ಇಂಗ್ಲೆಂಡು ಪೂರ್ತಿ ಅರ್ಥವಾಯಿತು. ನಲವತ್ತೆರಡು ವರ್ಷ ಬದುಕಿಯೂ ನಮ್ಮ ಬೀದಿ ಅರ್ಥವಾಗಿರಲಿಲ್ಲ, ಅದು ಬೇರೆ ಮಾತು.

ಬಂದ ಮೇಲೆ ಊರನ್ನು ಸುಧಾರಿಸುವ ಹೊಣೆ ನನ್ನ ತಲೆಗೇ ಬಿತ್ತು. ಅರಕಲಗೂಡಿನ ಬಸ್ಸು ಡ್ರೈವರನ ಕಾಫಿ ಮುಗಿಯದೆ ಹೊರಡುತ್ತಿರಲಿಲ್ಲ. "ಅಲ್ಲಿ ರೈಲು ಹೊರಡುವುದನ್ನು ನೋಡಿ ಜನ ಗಡಿಯಾರ ತಿದ್ದಿಕೊಳ್ಳುತ್ತಾರೆ ಕಣಯ್ಯ" ಎಂದು ಕಂಡಕ್ಟರನಿಗೆ ಹೇಳಿದೆ. "ಅಂಗಾರೆ ಅಲ್ಲೇ ಅತ್ಕೊಂಡು ಓಗ್ಬೋದಿತ್ತಲ್ಲ ಸಾ" ಎಂದ. ಶಾಲೆಯಲ್ಲಿ ನಾನು "ಲಂಡನ್ನಿನಲ್ಲಿ…" ಎನ್ನುತ್ತಿದ್ದಂತೆ ಡ್ರಿಲ್ ಮೇಷ್ಟ್ರಿಗೆ ಏನೋ ಕೆಲಸ ನೆನಪಾಗುತ್ತಿತ್ತು.

ನನಗೆ ಬಹಳ ಹಿಡಿಸಿದ್ದು ಅಲ್ಲಿನ ಇನ್ನೊಂದು ಪದ್ಧತಿ. ಕಾಗದ ಬರೆಯದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ನಮ್ಮಲ್ಲೋ, ಕೋರ್ಟಿಗೆ ಬಂದವರು, ಹಲ್ಲು ಕೀಳಿಸಲು ಬಂದವರು, ಬಸ್ಸು ತಪ್ಪಿದವರು ಎಲ್ಲರೂ ಸೀದಾ ನಮ್ಮ ಜಗಲಿಗೆ. ಆದ್ದರಿಂದ ಹಲಗೆಯೊಂದಕ್ಕೆ ಬಣ್ಣ ಬಳಿದು, "ಭೇಟಿಗೆ ಬರುವವರು ಮುಂಚಿತವಾಗಿ ಕಾಗದ ಬರೆದು ತಿಳಿಸತಕ್ಕದ್ದು" ಎಂದು ಬರೆದು ಬಾಗಿಲಿಗೆ ತಗುಲಿಸಿದೆ. ಅವ್ವನಿಗೆ ಓದು ಬಾರದು. ಲಂಡನ್ನಿನ ದೇವರ ಹೆಸರೇನೋ ಎಂದುಕೊಂಡು ಸುಮ್ಮನಾದಳು.

ಅದೇ ಹೊತ್ತಿಗೆ ನನ್ನ ಮಗಳು ಸರೋಜಳಿಗೆ ಅರಕಲಗೂಡಿನ ಸಂಬಂಧವೊಂದು ಕುದುರುವ ಹಾಗಿತ್ತು. ಚನ್ನರಾಯಪಟ್ಟಣದ ಮದುವೆಯೊಂದರಲ್ಲಿ ಹುಡುಗನನ್ನು ಕಂಡಿದ್ದ ಸರೋಜ, ಯಾರೂ ಕೇಳದಿದ್ದರೂ "ಆಗಬಹುದು" ಎಂದು ಅಜ್ಜಿಯ ಕಿವಿಯಲ್ಲಿ ಹೇಳಿಬಿಟ್ಟಿದ್ದಳು. ನನಗೂ ಅದು ಕೂಡಿ ಬರಲಿ ಎಂದೇ ಆಸೆ.

ಒಂದು ಭಾನುವಾರ ಮೂವರು ಬಂದು ಬಾಗಿಲು ಬಡಿದರು. ಮುಂದೆ ನಿಂತಿದ್ದವರು ಬಿಳಿ ಪೇಟ, ಹುರಿಮೀಸೆಯ ಹಿರಿಯರು.

"ಸಾ, ನಿಮ್ಮಲ್ಲಿ ಎಮ್ಮೆ ಮಾರೋಕದಂತೆ?"

"ನಮ್ಮ ಮನೇಲಿ ಎಮ್ಮೇನೇ ಇಲ್ಲ. ಕಾಗದ ಬರೆದಿದ್ರಾ?"

"ಎಮ್ಮೆಗೂ ಕಾಗ್ದವಾ ಸಾ?"

"ಎಲ್ಲದಕ್ಕೂ" ಎಂದು ಗಂಭೀರವಾಗಿ ಹಲಗೆ ತೋರಿಸಿ ಬಾಗಿಲು ಹಾಕಿದೆ. ನೀರು ಬೇಕೇ ಎಂದೂ ಕೇಳಲಿಲ್ಲ.

ಹಿತ್ತಲಿನಿಂದ ಬಂದ ಅವ್ವ, ಯಾರೆಂದು ಕೇಳಿ, ಪೇಟ ಮೀಸೆಗಳ ವರ್ಣನೆ ಕೇಳಿ, ಎದೆ ಎದೆ ಬಡಿದುಕೊಂಡಳು. "ಅಯ್ಯೋ ನಿನ್ ಮನೆ ಕಾಯ್ವಾಗ! ಅವ್ರು ಅರಕಲಗೂಡ್ನೋರು ಕಣ್ಲಾ! ಎಣ್ಣಿನ ಮನೆ ಎಂಗದೆ ಅಂತ ನೋಡೋಕೆ ಬಂದೋರು, ಎಣ್ಣು ನೋಡೋಕೆ ಬಂದ್ವಿ ಅಂತಾರೇನ್ಲಾ?"

ನಮ್ಮ ಸೀಮೆಯಲ್ಲಿ ಗಂಡಿನ ಕಡೆಯ ಹಿರಿಯರು ಶಾಸ್ತ್ರಕ್ಕೆ ಬರುವ ಮೊದಲು ಒಮ್ಮೆ ಹೇಳದೆ ಕೇಳದೆ ಬರುತ್ತಾರೆ. ಎಮ್ಮೆಯನ್ನೋ ಬಿತ್ತನೆ ರಾಗಿಯನ್ನೋ ಕೇಳುವ ನೆಪದಲ್ಲಿ ಕೂತು, ಮಜ್ಜಿಗೆ ಕುಡಿದು, ಮನೆಯವರ ಮಾತುಕತೆ ನೋಡಿಕೊಂಡು ಹೋಗುತ್ತಾರೆ. ಎಮ್ಮೆ ಇಲ್ಲದ ಮನೆಗೆ ಎಮ್ಮೆ ಕೇಳಿಕೊಂಡು ಬಂದವರು ಯಾರೆಂದು ನಮ್ಮ ಬೀದಿಯ ಮಕ್ಕಳಿಗೂ ಗೊತ್ತು. ನದಿ, ಪರ್ವತ, ರಾಜಧಾನಿಗಳನ್ನೆಲ್ಲ ಬಾಯಿಪಾಠ ಮಾಡಿದ ಭೂಗೋಳದ ಮೇಷ್ಟ್ರಿಗೆ ಮಾತ್ರ ಹೊಳೆಯಲಿಲ್ಲ. ಒಳಗೆ ಸರೋಜ ಅಳುತ್ತಿದ್ದಳು. ಬನಿಯನ್ನಿನಲ್ಲೇ ಬಸ್ ಸ್ಟ್ಯಾಂಡಿಗೆ ಓಡಿದೆ.

ಬಸ್ಸು ಹೊರಡುವ ವೇಳೆ ಮೀರಿ ಅರ್ಧ ಗಂಟೆಯಾಗಿತ್ತು. ಡ್ರೈವರ್ ಕಾಫಿ ಆರಿಸುತ್ತ ಕೂತಿದ್ದ. ಅವನ ಕಾಲಿಗೆ ಬೀಳಬೇಕೆನಿಸಿತು.

ಬಸ್ಸು ಹತ್ತಿ, ಮನೆಗೆ ಬನ್ನಿ ಎಂದು ಕೈಮುಗಿದೆ. ಸೀಟಿನಲ್ಲಿ ಕೂತಿದ್ದ ಹಿರಿಯರು ಕಿಟಕಿಯಾಚೆ ನೋಡುತ್ತಲೇ, "ಕಾಗ್ದ ಬರ್ದಿಲ್ವಲ್ಲ ಸಾ, ಎಂಗೆ ಬರಾದು?" ಎಂದರು.

"ಎಮ್ಮೆ ಇದೆ, ಬನ್ನಿ!" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿದೆ.

"ಆಗ್ಲೇ ಇರ್ನಿಲ್ಲ. ಈಗ್ ಬಂತಾ?"

"ಬಂತು. ನಿಮ್ಮ ಮುಂದೇ ನಿಂತಿದೆ."

ಹುರಿಮೀಸೆ ಅಲುಗಾಡಿತು. ಇಳಿದು ಬಂದರು.

ಮನೆಯಲ್ಲಿ ಅವ್ವ ಮಜ್ಜಿಗೆ ಕೊಟ್ಟು ಹೇಳಿದಳು: "ಇವನ ಮಾತ್ಗೆ ಬ್ಯಾಸ್ರ ಮಾಡ್ಕೋಬ್ಯಾಡಿ. ಲಂಡನ್ನಾಗೆ ಮೂರ್ ವಾರ ಒಂದ್ ನರಪಿಳ್ಳೆ ಬಾಗ್ಲು ಬಡೀನಿಲ್ಲ. ಒತ್ತಾರೆ ಆಲ್ನೋನು ಬಾಗ್ಲಾಗೆ ಆಲಿನ ಬಾಟ್ಲಿ ಮಡಗ್ದ ಸದ್ದಾದ್ರೆ ಸಾಕು, ಇವ್ನು ಓಡೋಗಿ ಬಾಗ್ಲು ತಗ್ದು ಅವನ್ತಾವ ಮಾತಿಗ್ ನಿಂತ್ಕೊಳೋನು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅದು ನಿಜ. ಹೊರಡುವ ದಿನ ಕಮಲ ಕೂಸನ್ನೆತ್ತಿಕೊಂಡು, "ಇನ್ನು ಯಾರು ಬರ್ತಾರಣ್ಣ?" ಎಂದು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಊರಿಗೆಲ್ಲ ಲಂಡನ್ ವರ್ಣಿಸಿದವನು ಅದೊಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಬಹಳ ನಾಚಿಕೆಯಾಯಿತು.

ಮದುವೆಯಾಯಿತು. ಹಲಗೆ ಈಗ ನೀರಿನ ಹಂಡೆಗೆ ಮುಚ್ಚಳ. ಭಾನುವಾರವಾದರೆ ಅರಕಲಗೂಡಿನಿಂದ ಒಬ್ಬರಲ್ಲ ಒಬ್ಬರು ಬೀಗರು ಬಂದಿಳಿದು ನನ್ನ ಮಂಚದ ಮೇಲೆ ಗೊರಕೆ ಹೊಡೆಯುತ್ತಾರೆ. ನಾನು ಜಗಲಿಯಲ್ಲಿ ಕೂತು ಗೊಣಗುತ್ತೇನೆ, ಲಂಡನ್ನಿನಲ್ಲಿ ಹೀಗಿಲ್ಲ ಎಂದು.

ಹೋದ ಭಾನುವಾರ ಯಾರೂ ಬರಲಿಲ್ಲ. ಮಂಚ ನನ್ನದೇ. ಹಾಯಾಗಿ ಮಲಗಿದ್ದೆ. ಬಾಗಿಲಲ್ಲಿ ಸದ್ದಾಯಿತೆಂದು ಎದ್ದು ಹೋಗಿ ತೆಗೆದೆ, ಸೊಪ್ಪಿನವಳು. ಮತ್ತೆ ಸದ್ದಾಯಿತು, ಮತ್ತೆ ಹೋದೆ, ಗಾಳಿ. ರಾಗಿ ಕೇರುತ್ತಿದ್ದ ಅವ್ವ ತಲೆ ಎತ್ತದೆ ಕೇಳಿದಳು:

"ಆಲ್ನೋನು ಬಂದಿದ್ನೇನ್ಲಾ?"